ನೇರಳೆ ಬೀಜ ಒಣಗಿಸಿ ಇಡಬೇಡಿ

ನಮ್ಮ ಹುಲಿಕುಂಟೆ ಕಡೆ ಹಳ್ಳದ ದಡದಲ್ಲಿ ನಾಕು ದೊಡ್ಡ ನೇರಳೆ ಮರ ಇದ್ದವು. ಈಗ ಉಳಿದಿರೋದು ನಮ್ಮ ಹೊಲದಂಚಿನದು ಒಂದೇ. ಮಿಕ್ಕವು ಬರದ ವರ್ಷಗಳಲ್ಲಿ ಸೌದೆಗೆ ಹೋದವು. ಒಂದಕ್ಕೆ ದುಡ್ಡು ಈಸ್ಕೊಂಡವನು ನಾನೇ. ಆ ಜಾಗಕ್ಕೆ ನೀಲಗಿರಿ ಹಾಕಿದೆ. ನೀಲಗಿರಿ, ಸೀಬೆ, ಲವಂಗ ಎಲ್ಲಾ ನೇರಳೆಯ ಕುಲವೇ ಅಂತ ಆಗ ಗೊತ್ತಿರಲಿಲ್ಲ. ಗೊತ್ತಿದ್ರೂ ಕಡೀತಿದ್ದೆ ಅನ್ನಿ. 2017ರಲ್ಲಿ ಸರ್ಕಾರವೇ ನೀಲಗಿರಿ ನೆಡಬಾರದು ಅಂತ ಆದೇಶ ಮಾಡಿತು.

ಉಳಿದ ಮರದ ಹಣ್ಣು ದಪ್ಪ, ಒಗರು ಕಮ್ಮಿ. ಸಸಿ ಮಾಡೋಣ ಅಂತ ಬೀಜವನ್ನು ರಾಗಿ ಬೀಜದ ಹಾಗೆ ಒಣಗಿಸಿ ಮಡಕೆಯಲ್ಲಿ ಇಟ್ಟೆ. ಮುಂದಿನ ಮುಂಗಾರಿಗೆ ಹಾಕಿದರೆ ಒಂದೂ ಹುಟ್ಟಲಿಲ್ಲ. ಒಣಗಿದರೆ ನೇರಳೆ ಬೀಜದ ಜೀವ ಎರಡು ವಾರಕ್ಕೇ ಮುಗೀತು. ಹೋದ ಆಷಾಢದಲ್ಲಿ ಹಣ್ಣು ತಿಂದು, ಬೀಜ ತೊಳೆದು, ಅವತ್ತೇ ಮಣ್ಣಿನ ಚೀಲಕ್ಕೆ ಊರಿದೆ. ಕೆಲವು ಚೀಲದಲ್ಲಿ ಒಂದೇ ಬೀಜಕ್ಕೆ ಎರಡು ಮೂರು ಮೊಳಕೆ! ಗಟ್ಟಿಯಾದ್ದು ಬಿಟ್ಟು ಮಿಕ್ಕಿದ್ದು ಕಿತ್ತೆ.

ಬೀಜದ ಗಿಡ ಫಲಕ್ಕೆ ಬರೋಕೆ 8-10 ವರ್ಷ. ತಾಯಿಮರದ ರುಚಿಯೇ ಬರುತ್ತೆ ಅನ್ನೋ ಖಾತ್ರಿಯೂ ಇಲ್ಲ; ಅದಕ್ಕೆ ಕೆಲವು ಸಸಿಗೆ ಅದೇ ಮರದ ಕಡ್ಡಿ ಕಸಿ ಮಾಡಿಸಬೇಕು. ಮರ ಇರೋವಾಗಲೇ ಈ ಕೆಲಸ ಆಗಬೇಕು. "ಹಣ್ಣು ಬಿಡೋವಾಗ ನೀನಿರ್ತೀಯೇನಣ್ಣ?" ಅಂತ ತಮ್ಮ ನಗ್ತಾನೆ. ನನಗೆ ಐವತ್ತಾರು. ಗುಂಡಿ ತೆಗೆದಾಗಿದೆ. ಮೇಕೆ ಬಾಯಿ ಹಾಕದ ಹಾಗೆ ಮುಳ್ಳು ಕಟ್ಟೋದು ಬಾಕಿ.