ಕಾರಿನ ಕೂಲಂಟ್: ಬಣ್ಣವನ್ನು ನೋಡಬೇಡಿ, ಕೈಪಿಡಿಯನ್ನು ನೋಡಿ

ಶಾಲೆಗಳಿಗೆ ಬೇಸಿಗೆ ರಜೆ ಬಂತೆಂದರೆ ರಾಜಧಾನಿಯ ಕನ್ನಡ ಕುಟುಂಬಗಳಲ್ಲಿ ಊರಿನ ಮಾತು ಆರಂಭವಾಗುತ್ತದೆ. ರೈಲಿನಲ್ಲಿ ಸ್ಥಳ ದೊರೆಯದವರೂ, ದಾರಿಯ ಊರುಗಳನ್ನು ನೋಡಬಯಸುವವರೂ ಸ್ವಂತ ಕಾರಿನಲ್ಲಿಯೇ ಹೊರಡುತ್ತಾರೆ. ಆಗ್ರಾ, ಗ್ವಾಲಿಯರ್, ಝಾನ್ಸಿ, ನಾಗಪುರ, ಹೈದರಾಬಾದ್ ಮಾರ್ಗವಾಗಿ ಬೆಂಗಳೂರು ಸೇರಲು ಎರಡು ಸಾವಿರ ಕಿಲೋಮೀಟರಿಗೂ ಮಿಗಿಲಾದ ಹಾದಿ. ಅದೂ ಕಡು ಬೇಸಿಗೆಯಲ್ಲಿ. ಹೊರಡುವ ಮುನ್ನ ಟೈರು, ಬ್ರೇಕು, ಎಂಜಿನ್ ಆಯಿಲ್ ಇವನ್ನು ಎಲ್ಲರೂ ಪರೀಕ್ಷಿಸುತ್ತಾರೆ. ಬಾನೆಟ್ಟಿನ ಕೆಳಗಿನ ಪುಟ್ಟ ಡಬ್ಬಿಯಲ್ಲಿರುವ ಬಣ್ಣದ ದ್ರವವನ್ನು ಮಾತ್ರ ಯಾರೂ ಅಷ್ಟಾಗಿ ವಿಚಾರಿಸುವುದಿಲ್ಲ. ಅದು ಕಡಿಮೆಯಾಗಿದ್ದರೆ ಮೆಕ್ಯಾನಿಕ್ "ಹಸಿರು ಹಾಕಲೇ, ಕೆಂಪು ಹಾಕಲೇ?" ಎಂದು ಕೇಳುತ್ತಾನೆ. ಈ ಪ್ರಶ್ನೆಯೇ ಸರಿಯಲ್ಲ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ನೀರು ಏಕೆ ಸಾಲದು?

ಅಂಬಾಸಿಡರ್ ಕಾರಿನ ಕಾಲದಲ್ಲಿ ರೇಡಿಯೇಟರಿಗೆ ನಲ್ಲಿಯ ನೀರು ತುಂಬುವುದು ಸರ್ವೇಸಾಮಾನ್ಯವಾಗಿತ್ತು. ಆ ಎಂಜಿನ್ನು ಎರಕದ ಕಬ್ಬಿಣದ್ದು. ತುಸು ತುಕ್ಕು ಹಿಡಿದರೂ ಸಹಿಸಿಕೊಳ್ಳುತ್ತಿತ್ತು. ಇಂದಿನ ಕಾರುಗಳಲ್ಲಿ ರೇಡಿಯೇಟರ್ ಮತ್ತು ಎಂಜಿನ್ನಿನ ಬಹುಭಾಗ ಅಲ್ಯೂಮಿನಿಯಮ್ಮಿನದು. ನೀರು ಹರಿಯುವ ದಾರಿಗಳೂ ಬಹಳ ಕಿರಿದು. ಬರಿಯ ನೀರು ಲೋಹವನ್ನು ತಿನ್ನುತ್ತದೆ. ದೆಹಲಿ, ಗುರುಗ್ರಾಮ, ನೋಯ್ಡಾಗಳ ಕೊಳವೆಬಾವಿಯ ಗಡಸು ನೀರಾದರಂತೂ ಸ್ನಾನಗೃಹದ ಗೀಜರಿನಲ್ಲಿ ಕಟ್ಟುವಂತಹ ಬಿಳಿಯ ಗಸಿಯನ್ನು ಎಂಜಿನ್ನಿನೊಳಗೂ ಕಟ್ಟುತ್ತದೆ.

ಕೂಲಂಟ್ ಎಂದರೆ ಮೂರು ವಸ್ತುಗಳ ಮಿಶ್ರಣ: ಶುದ್ಧ ನೀರು, ಎಥಿಲೀನ್ ಗ್ಲೈಕಾಲ್ ಮತ್ತು ತುಕ್ಕುನಿರೋಧಕಗಳು. ನೀರು ಮತ್ತು ಗ್ಲೈಕಾಲ್ ಸಮಪ್ರಮಾಣದಲ್ಲಿದ್ದರೆ ಅದು ಹೆಪ್ಪುಗಟ್ಟುವುದು ಸುಮಾರು ಮೈನಸ್ 37 ಡಿಗ್ರಿಯಲ್ಲಿ. ಕುದಿಯುವ ಬಿಂದುವೂ ನೀರಿಗಿಂತ ಮೇಲೇರುತ್ತದೆ. ಮುಚ್ಚಳದೊಳಗಿನ ಒತ್ತಡ ಸೇರಿದರೆ 120 ಡಿಗ್ರಿಯನ್ನೂ ದಾಟುತ್ತದೆ. ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 2021ರ ಜನವರಿ 1ರಂದು 1.1 ಡಿಗ್ರಿಯೂ, 2024ರ ಮೇ 29ರಂದು 46.8 ಡಿಗ್ರಿಯೂ ದಾಖಲಾಗಿದ್ದವು. ನಮ್ಮಲ್ಲಿ ದ್ರವ ಹೆಪ್ಪುಗಟ್ಟುವ ಭಯವಿರುವುದು ಚಳಿಗಾಲದಲ್ಲಿ ಮನಾಲಿ, ಔಲಿಗಳಿಗೆ ಹೋಗುವವರಿಗೆ ಮಾತ್ರ. ಎ.ಸಿ. ಹಾಕಿಕೊಂಡು ಧೌಲಾ ಕುಆಂ ಅಥವಾ ಆಶ್ರಮ ವೃತ್ತದ ವಾಹನದಟ್ಟಣೆಯಲ್ಲಿ ನಿಂತಾಗ ದ್ರವ ಕುದಿಯುವ ಭಯ ಎಲ್ಲರಿಗೂ ಇದೆ.

ಖರ್ಚಾಗುವ ಠೇವಣಿ

ಗ್ಲೈಕಾಲ್ ಬಹುಕಾಲ ಬಾಳುತ್ತದೆ. ಆದರೆ ಲೋಹವನ್ನು ಕಾಯುವ ತುಕ್ಕುನಿರೋಧಕಗಳು ಬ್ಯಾಂಕಿನ ಠೇವಣಿಯಿದ್ದಂತೆ. ದಿನದಿನವೂ ಅಷ್ಟಷ್ಟು ಖರ್ಚಾಗುತ್ತವೆ. ಕೊನೆಗೆ ದ್ರವವಿರುತ್ತದೆ, ಬಣ್ಣವೂ ಇರುತ್ತದೆ, ಶಿಲ್ಕು ಮಾತ್ರ ಇರುವುದಿಲ್ಲ. ಕೂಲಂಟನ್ನು ನಿಯತವಾಗಿ ಬದಲಿಸಬೇಕಾದುದು ಇದಕ್ಕಾಗಿಯೇ. ಕೂಲಂಟುಗಳ ನಡುವಿನ ಮುಖ್ಯ ಭೇದವೂ ಈ ನಿರೋಧಕಗಳಲ್ಲಿಯೇ ಇದೆ. ಸ್ಥೂಲವಾಗಿ ಅವುಗಳಲ್ಲಿ ಮೂರು ಕುಲಗಳು:

1. ಹಳೆಯ ಬಗೆ (ಡಬ್ಬಿಯ ಮೇಲೆ ಐಎಟಿ ಎಂದಿರುತ್ತದೆ): ಸಿಲಿಕೇಟ್, ಫಾಸ್ಫೇಟ್ ಮೊದಲಾದ ಲವಣಗಳುಳ್ಳದ್ದು. ಲೋಹದ ಮೇಲೆಲ್ಲಾ ಬೇಗನೆ ತೆಳುಪದರ ಕಟ್ಟುತ್ತದೆ, ಬೇಗನೆ ಮುಗಿಯುತ್ತದೆ. ಬಾಳಿಕೆ ಸುಮಾರು ಎರಡು ವರ್ಷ.

2. ಸಾವಯವ ಆಮ್ಲಗಳ ಬಗೆ (ಒಎಟಿ): ತುಕ್ಕು ತಲೆಯೆತ್ತುವ ಜಾಗದಲ್ಲಿ ಮಾತ್ರ ಕೆಲಸ ಮಾಡುತ್ತದೆ, ಆದ್ದರಿಂದ ನಿಧಾನವಾಗಿ ಖರ್ಚಾಗುತ್ತದೆ. ಬಾಳಿಕೆ ಸುಮಾರು ಐದು ವರ್ಷ ಅಥವಾ ಅದಕ್ಕೂ ಹೆಚ್ಚು.

3. ಮಿಶ್ರ ಬಗೆ (ಎಚ್‌ಒಎಟಿ ಇತ್ಯಾದಿ): ಸಾವಯವ ಆಮ್ಲದೊಡನೆ ಅಲ್ಪ ಪ್ರಮಾಣದ ಲವಣ. ಇದರಲ್ಲಿಯೂ ಎರಡು ಪಂಥಗಳಿವೆ. ಯೂರೋಪಿನವರು ಸಾಮಾನ್ಯವಾಗಿ ಸಿಲಿಕೇಟನ್ನು ಸೇರಿಸುತ್ತಾರೆ. ಗಡಸು ನೀರಿನೊಡನೆ ಸೇರಿದರೆ ಗಸಿ ಕಟ್ಟುತ್ತದೆಂದು ಫಾಸ್ಫೇಟನ್ನು ದೂರವಿಡುತ್ತಾರೆ. ಜಪಾನ್ ಮತ್ತು ಕೊರಿಯಾದವರು ಫಾಸ್ಫೇಟನ್ನು ಸೇರಿಸುತ್ತಾರೆ. ಜಪಾನಿನವರು ವಾಟರ್ ಪಂಪಿನ ಸೀಲು ಸವೆಯುತ್ತದೆಂದು ಸಿಲಿಕೇಟನ್ನು ಬಿಡುತ್ತಾರೆ.

ನಮ್ಮ ಬಡಾವಣೆಗಳಲ್ಲಿ ಮಾರುತಿ ಸುಜುಕಿ, ಹೋಂಡಾ, ಹ್ಯುಂಡೈ, ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳು ಅಕ್ಕಪಕ್ಕದಲ್ಲಿಯೇ ನಿಂತಿರುತ್ತವೆ. ನೆರೆಯವರ ಕಾರಿಗೆ ಒಗ್ಗಿದ್ದು ನಮ್ಮದಕ್ಕೂ ಒಗ್ಗಬೇಕೆಂಬ ನಿಯಮವಿಲ್ಲ.

ಬಣ್ಣವೆಂಬ ಭ್ರಮೆ

ಬಣ್ಣವೆಂಬುದು ತಯಾರಕರು ಬೆರೆಸಿದ ರಂಗು ಮಾತ್ರ. ಸೋರಿಕೆ ಕಣ್ಣಿಗೆ ಬೀಳಲಿ, ಕುಡಿಯುವ ನೀರೆಂದು ಯಾರೂ ತಪ್ಪು ತಿಳಿಯದಿರಲಿ ಎಂಬುದು ಅದರ ಉಪಯೋಗ. ಇಂಥ ಕುಲಕ್ಕೆ ಇಂಥ ಬಣ್ಣವೆಂದು ಎಲ್ಲ ತಯಾರಕರೂ ಪಾಲಿಸುವ ನಿಯಮವಿಲ್ಲ. ಫೋಕ್ಸ್‌ವ್ಯಾಗನ್ನಿನ ಹಳೆಯ ಜಿ-11 ನೀಲಿಹಸಿರು. ಅದರಲ್ಲಿ ಸಿಲಿಕೇಟ್ ಇದೆ. ಹೋಂಡಾದ ಕೂಲಂಟ್ ಕೂಡ ನೀಲಿ. ಅದರಲ್ಲಿ ಸಿಲಿಕೇಟ್ ಇಲ್ಲ. ಅದೇ ಜಿ-11ಕ್ಕೆ ಫೋಕ್ಸ್‌ವ್ಯಾಗನ್ನಿನದೇ ಆದ ಕೆಂಪು ಜಿ-12 ಬೆರೆತಾಗ ಕಂದುಬಣ್ಣದ ಕೆಸರು ಉಂಟಾಗುತ್ತಿತ್ತು. ಒಂದೇ ಮನೆಯ ಎರಡು ದ್ರವಗಳಿಗೇ ಹೊಂದಾಣಿಕೆ ಇರಲಿಲ್ಲವೆಂದ ಮೇಲೆ ಬಣ್ಣವನ್ನು ನಂಬುವುದೆಂತು?

ಹೊಂದದ ಎರಡು ಕೂಲಂಟುಗಳು ಬೆರೆತರೆ ಪ್ರತಿ ಸಲವೂ ಕೆಸರೇ ಆಗಬೇಕೆಂದಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ನಿರೋಧಕಗಳ ಬಲ ಕುಗ್ಗಿ, ಐದು ವರ್ಷ ಬಾಳಬೇಕಾದುದು ಬಹುಬೇಗ ನಿಸ್ಸಾರವಾಗುತ್ತದೆ. ಒಂದು ದಿನ ಹೆದ್ದಾರಿಯಲ್ಲಿ ಉಷ್ಣತೆಯ ಮುಳ್ಳು ಕೆಂಪಿಗೇರಿದಾಗಲೇ ವಿಷಯ ತಿಳಿಯುತ್ತದೆ. ಅಷ್ಟರಲ್ಲಿ ಸಿಲಿಂಡರ್ ಹೆಡ್ ಬಾಗಿದ್ದರೆ ಕೆಲವು ನೂರು ರೂಪಾಯಿಗಳ ಉಳಿತಾಯಕ್ಕೆ ಹತ್ತಾರು ಸಾವಿರಗಳನ್ನು ತೆರಬೇಕಾಗುತ್ತದೆ.

ಆಯ್ಕೆ ಮಾಡುವ ಕ್ರಮ

ಮೊದಲು ಕಾರಿನೊಡನೆ ಬಂದ ಕೈಪಿಡಿಯನ್ನು ತೆರೆಯಿರಿ. ಕೂಲಂಟಿನ ಬಗೆ, ಒಟ್ಟು ಪ್ರಮಾಣ, ಬದಲಿಸಬೇಕಾದ ಅವಧಿ ಮೂರೂ ಅಲ್ಲಿರುತ್ತವೆ. ತಯಾರಕರದೇ ಡಬ್ಬಿಯನ್ನು ಕೊಂಡರೆ ಚಿಂತೆಯಿಲ್ಲ. ಕಶ್ಮೀರಿ ಗೇಟ್ ಮಾರುಕಟ್ಟೆಯಲ್ಲಿ ಬೇರೆ ಕಂಪನಿಯದನ್ನು ಕೊಳ್ಳುವುದಾದರೆ, ಕೈಪಿಡಿಯಲ್ಲಿರುವ ನಿರ್ದೇಶನವೇ ಡಬ್ಬಿಯ ಮೇಲೂ ಇದೆಯೇ ನೋಡಿ. ಭಾರತದ ಐಎಸ್ 5759, ಜಪಾನಿನ ಜೆಐಎಸ್ ಕೆ 2234, ಅಮೆರಿಕದ ಎಎಸ್‌ಟಿಎಂ ಡಿ 3306 ಇವು ಗುಣಮಟ್ಟದ ಸಾಮಾನ್ಯ ಮಾನಕಗಳು. ಇವು ಇರಬೇಕಾದುದು ನಿಜ. ಆದರೆ ಕುಲ ಹೊಂದುತ್ತದೆಯೆಂಬುದಕ್ಕೆ ಇವಷ್ಟೇ ಸಾಕ್ಷಿಯಲ್ಲ. "ಎಲ್ಲ ಕಾರುಗಳಿಗೂ ಸೂಕ್ತ" ಎಂಬ ಬರಹವಂತೂ ಸಾಕ್ಷಿಯೇ ಅಲ್ಲ. ವಿದ್ಯುತ್ ಕಾರುಗಳಲ್ಲಿ ಕೆಲವಕ್ಕೆ ವಿದ್ಯುತ್ತನ್ನು ಅತಿ ಕಡಿಮೆ ಹರಿಸುವ ವಿಶೇಷ ಕೂಲಂಟೇ ಬೇಕು. ಅಲ್ಲಿ ಪರ್ಯಾಯವನ್ನು ಹುಡುಕಲೇಬಾರದು.

ಹಳೆಯ ಕಾರನ್ನು ಕೊಂಡಿದ್ದೀರಿ, ಒಳಗೆ ಏನಿದೆಯೋ ತಿಳಿಯದು. ಆಗ ಮೇಲಿನಿಂದ ತುಂಬಿಸುವುದನ್ನು ಬಿಟ್ಟು ಪೂರ್ಣವಾಗಿ ಖಾಲಿ ಮಾಡಿಸಿ, ಡಿಸ್ಟಿಲ್ಡ್ ವಾಟರಿನಿಂದ ತೊಳೆಸಿ, ಹೊಸದನ್ನು ಹಾಕಿಸುವುದೇ ಕ್ಷೇಮ.

ಪ್ರಮಾಣದ ಲೆಕ್ಕ

ಕೂಲಂಟ್ ಎರಡು ರೂಪಗಳಲ್ಲಿ ದೊರೆಯುತ್ತದೆ: ನೀರು ಬೆರೆಸಿದ ಸಿದ್ಧ ದ್ರವ ಮತ್ತು ನೀರು ಬೆರೆಸಬೇಕಾದ ಗಾಢ ದ್ರವ. ತೊಳೆದ ಮೇಲೆ ಎಂಜಿನ್ನಿನ ಒಳಗೆ ಸ್ವಲ್ಪ ನೀರು ಉಳಿದೇ ಉಳಿಯುತ್ತದೆ. ಒಟ್ಟು ಆರು ಲೀಟರಿನಲ್ಲಿ ಎರಡು ಲೀಟರ್ ನೀರು ಉಳಿಯಿತೆನ್ನೋಣ. ಅದಕ್ಕೆ ಶೇ. 50ರ ಸಿದ್ಧ ದ್ರವ ನಾಲ್ಕು ಲೀಟರ್ ಹಾಕಿದರೆ ಕೂಲಂಟಿನ ಅಂಶ ಶೇ. 33ಕ್ಕೆ ಇಳಿಯುತ್ತದೆ. ಬದಲಿಗೆ ಗಾಢ ದ್ರವ ಮೂರು ಲೀಟರ್, ಡಿಸ್ಟಿಲ್ಡ್ ವಾಟರ್ ಒಂದು ಲೀಟರ್ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಗಾಢವಾದಷ್ಟೂ ಒಳ್ಳೆಯದೆಂದೂ ಭಾವಿಸಬಾರದು. ಗ್ಲೈಕಾಲ್ ನೀರಿನಷ್ಟು ಶಾಖವನ್ನು ಹೊರದು. ಬರಿಯ ಗ್ಲೈಕಾಲ್ ಸುಮಾರು ಮೈನಸ್ 13 ಡಿಗ್ರಿಯಲ್ಲಿಯೇ ಹೆಪ್ಪುಗಟ್ಟುತ್ತದೆ.

ಎಚ್ಚರಿಕೆಯ ನಾಲ್ಕು ಮಾತು

* ಎಂಜಿನ್ ಬಿಸಿಯಿದ್ದಾಗ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಕುದಿಯುವ ದ್ರವ ಮುಖಕ್ಕೆ ಚಿಮ್ಮುತ್ತದೆ.

* ದಾರಿಯಲ್ಲಿ ದ್ರವ ಕಡಿಮೆಯಾಗಿ, ಸರಿಯಾದ ಕೂಲಂಟ್ ಸಿಗದಿದ್ದರೆ ಎಂಜಿನ್ ಪೂರ್ತಿ ತಣಿದ ಮೇಲೆ ಡಿಸ್ಟಿಲ್ಡ್ ವಾಟರ್ ಹಾಕಿ. ಗೊತ್ತಿಲ್ಲದ ಕೂಲಂಟಿಗಿಂತ ಅದು ಲೇಸು. ಊರು ಮುಟ್ಟಿದೊಡನೆ ಪ್ರಮಾಣವನ್ನು ಸರಿಪಡಿಸಿ, ಸೋರಿಕೆಯನ್ನು ಹುಡುಕಿಸಿ.

* ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದರೂ ಘೋರ ವಿಷ. ಡಬ್ಬಿಯನ್ನು ಮಕ್ಕಳಿಗೆ ಎಟುಕದಂತೆ ಇಡಿ. ಕುಡಿಯುವ ನೀರಿನ ಬಾಟಲಿಗೆ ಎಂದಿಗೂ ತುಂಬಬೇಡಿ.

* ಹಳೆಯ ಕೂಲಂಟನ್ನು ಚರಂಡಿಗೆ ಚೆಲ್ಲಬೇಡಿ. ಬೀದಿಯ ನಾಯಿ, ಹಸುಗಳು ಅದನ್ನು ನೆಕ್ಕಿ ಸಾಯಬಹುದು. ವಿಲೇವಾರಿಯ ವ್ಯವಸ್ಥೆಯಿರುವ ಕಾರ್ಯಾಗಾರಕ್ಕೇ ಒಪ್ಪಿಸಿ.

ಬದಲಿಸಿದ ದಿನಾಂಕ, ಕಿಲೋಮೀಟರ್ ಮತ್ತು ಕೂಲಂಟಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಕೈಪಿಡಿಯೊಳಗೆ ಇಟ್ಟಿರಿ. ಮುಂದಿನ ಸಲ ಮೆಕ್ಯಾನಿಕ್ ಬಣ್ಣವನ್ನು ಕೇಳಿದಾಗ ಆ ಚೀಟಿಯನ್ನೇ ತೋರಿಸಬಹುದು. ಊರಿಗೆ ಹೊರಟಿರುವ ಎಲ್ಲ ಬಂಧುಗಳ ಪ್ರಯಾಣವೂ ಸುಖಕರವಾಗಲಿ.