ಸೋಮವಾರದ ವಿಭೂತಿ, ಬುಧವಾರದ ವಿಭೂತಿ

ಭದ್ರಾವತಿಯ ಕ್ರೈಸ್ತರೆಲ್ಲರಿಗೂ ತಪಸ್ಸುಕಾಲ ಒಂದೇ ದಿನ ಆರಂಭವಾಗುವುದಿಲ್ಲ. ಕೇರಳದಿಂದ ಬಂದು ನೆಲೆಸಿದ ಸಿರೋ ಮಲಬಾರ್ ಕುಟುಂಬಗಳವರ ಹಣೆಗೆ ಸೋಮವಾರವೇ ವಿಭೂತಿ ಬಿದ್ದಿರುತ್ತದೆ. ಲತೀನ್ ಪದ್ಧತಿಯ ಕಥೋಲಿಕರಿಗೆ ಬುಧವಾರದವರೆಗೆ ಅವಕಾಶವುಂಟು. ನಡುವಣ ಮಂಗಳವಾರ ಒಂದು ಮನೆಯಲ್ಲಿ ಕೋಳಿಸಾರು ಕುದಿಯುತ್ತಿದ್ದರೆ ಗೋಡೆಯಾಚೆಯ ಮನೆಯಲ್ಲಿ ಬರಿಯ ಬೇಳೆಸಾರು. ಇಬ್ಬರೂ ರೋಮಿನ ಪೋಪರಿಗೆ ವಿಧೇಯರೇ. ಅವರ ಪಕ್ಕದಲ್ಲಿ ಪ್ರೊಟೆಸ್ಟೆಂಟ್ ಸಂಸಾರವೊಂದಿದ್ದರೆ, ಅವರಿಗೆ ಉಪವಾಸವು ಸಭೆಯ ಕಟ್ಟಳೆಗಿಂತ ಹೆಚ್ಚಾಗಿ ಅವರವರ ಮನಸ್ಸಿಗೆ ಬಿಟ್ಟ ಮಾತು.

ಕೈಗಾರಿಕೆಯ ಊರಿನಲ್ಲಿ ಹೀಗಾಗುವುದು ಸಹಜ. ೧೯೨೩ರಲ್ಲಿ ಕಬ್ಬಿಣದ ಕಾರ್ಖಾನೆ ಬಂತು, ಮುಂದಿನ ದಶಕದಲ್ಲಿ ಮೈಸೂರು ಕಾಗದ ಕಾರ್ಖಾನೆ. ಅದರ ಸುತ್ತ ಕಾಗದನಗರ ಬೆಳೆಯಿತು. ನಾಡಿನ ನಾನಾ ಮೂಲೆಗಳಿಂದ ಬಂದವರು ಸಾಲುಮನೆಗಳಲ್ಲಿ ಒಬ್ಬರ ಒಗ್ಗರಣೆಯ ವಾಸನೆ ಇನ್ನೊಬ್ಬರಿಗೆ ತಿಳಿಯುವಷ್ಟು ಹತ್ತಿರ ಬದುಕಿದರು. ಕಾಗದದ ಯಂತ್ರಗಳು ೨೦೧೦ರ ದಶಕದಲ್ಲಿ ನಿಂತುಹೋದವು. ಊರಿಗೆ ಆ ಹೆಸರು ಮಾತ್ರ ನಿಂತಿತು. ಲತೀನ್ ಪದ್ಧತಿಯವರಿಗೆ ೧೯೮೮ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯವಾಯಿತು. ೨೦೦೭ರಲ್ಲಿ ಮಾನಂದವಾಡಿಯಿಂದ ಬೇರ್ಪಟ್ಟು ಸಿರೋ ಮಲಬಾರ್ ಸಭೆಯ ಭದ್ರಾವತಿ ಧರ್ಮಪ್ರಾಂತ್ಯ ಹುಟ್ಟಿತು. ಒಂದೇ ಜಿಲ್ಲೆಯಲ್ಲಿ ಇಬ್ಬರು ಬಿಷಪ್ಪರು, ಎರಡು ಪಂಚಾಂಗ!

ಸಿರೋ ಮಲಬಾರಿನವರ ಐವತ್ತು ದಿನಗಳ ನೋಂಬು ಕಠಿಣವಾದದ್ದು. ನಮ್ಮ ಹಳಗನ್ನಡದ ‘ನೋಂಪಿ’ಯ ಒಡಹುಟ್ಟೇ ಈ ಮಾತು. ಹಳೆಯ ಸಂಪ್ರದಾಯದಂತೆ ಮಾಂಸ, ಮೀನು, ಮೊಟ್ಟೆ, ಹಾಲು ಎಲ್ಲವೂ ವರ್ಜ್ಯ. ಹಿಂದಿನ ದಿನವೇ ಮಾಂಸ ಬೇಯಿಸಿದ ಪಾತ್ರೆಗಳನ್ನು ತೊಳೆದು ಅಟ್ಟಕ್ಕೇರಿಸುತ್ತಿದ್ದರು. ಕ್ರಿಸ್ಮಸ್ಸಿಗೆ ಮುನ್ನ ಇಪ್ಪತ್ತೈದು ದಿನಗಳ ಇನ್ನೊಂದು ನೋಂಬು ಬೇರೆ. ಲತೀನರ ವಿಧಿ ಇದಕ್ಕಿಂತ ಸಡಿಲ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ, ಶುಕ್ರವಾರಗಳಲ್ಲಿ ಮಾಂಸತ್ಯಾಗ. ೧೯೬೬ರಲ್ಲಿ ಆರನೆಯ ಪೌಲ್ ಪೋಪರು ಈ ವಿಷಯದಲ್ಲಿ ಆಯಾ ದೇಶದ ಬಿಷಪ್ಪರಿಗೆ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟರು. ಲತೀನರಲ್ಲಿ ಮೀನು ಮಾಂಸದ ಲೆಕ್ಕಕ್ಕೆ ಬಾರದು. ಶುಕ್ರವಾರದ ‘ವ್ರತ’ಕ್ಕೆ ಮೀನಿನ ಸಾರು ಕಾಯುವುದನ್ನು ಕಂಡ ಲಿಂಗಾಯತ ನೆರೆಯವರು ಬೆರಗಾದರೆ ತಪ್ಪೇನು?

ಯೇಸುವಿನ ಮೊದಲ ಶಿಷ್ಯರು ಯೆಹೂದ್ಯರು. ಹಂದಿ, ರಕ್ತ ಮೊದಲಾದವು ಅವರಿಗೆ ನಿಷಿದ್ಧ. ಯೊಪ್ಪ ಪಟ್ಟಣದ ಮಾಳಿಗೆಯ ಮೇಲೆ ಹಸಿದಿದ್ದ ಪೇತ್ರನಿಗೆ, ಸಕಲ ಪ್ರಾಣಿಗಳೂ ತುಂಬಿದ ಜೋಳಿಗೆಯೊಂದು ಆಕಾಶದಿಂದ ಇಳಿದಂತೆ ದರ್ಶನವಾಯಿತೆಂದು ಅಪೊಸ್ತಲರ ಕೃತ್ಯಗಳಲ್ಲಿದೆ. ತಿನ್ನೆಂದು ಅಪ್ಪಣೆ; ಆತ ಒಲ್ಲೆನೆಂದ. ಅನಂತರ ಅವನಿಗೆ ಹೊಳೆದ ಅರ್ಥ ಅಡುಗೆಯದಲ್ಲ, ಮನುಷ್ಯರದು: ಕೊರ್ನೇಲ್ಯನೆಂಬ ರೋಮನ್ ದಳಪತಿಯ ಹೊಸ್ತಿಲನ್ನು ಅವನು ದಾಟಬಹುದಾಗಿತ್ತು. ಆದರೂ ಎಲ್ಲ ಸಭೆಗಳೂ ಹಳೆಯ ನಿಷೇಧವನ್ನು ಕೈಬಿಡಲಿಲ್ಲ. ಇಥಿಯೋಪಿಯದ ಪುರಾತನ ಸಭೆಯವರೂ ಏಳನೆಯ ದಿನದ ಅಡ್ವೆಂಟಿಸ್ಟರೂ ಇಂದಿಗೂ ಹಂದಿಮಾಂಸ ಮುಟ್ಟುವುದಿಲ್ಲ.

ರೋಮಿನ ಸಭೆಯಲ್ಲಿ ಜಗಳವೆದ್ದಾಗ ಪೌಲನು ಬರೆದದ್ದು ಇಬ್ಬದಿಯ ಮಾತು. ತಿನ್ನುವವನು ತಿನ್ನದವನನ್ನು ಹೀಗಳೆಯಬಾರದು. ತಿನ್ನದವನು ತಿನ್ನುವವನಿಗೆ ತೀರ್ಪು ಹೇಳಬಾರದು. ಜನ ತಮಗೆ ಒಪ್ಪುವ ಅರ್ಧವನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ.

ಅಧಿಕಾರ ಕೈಸೇರಿದಾಗ ಸಭೆಯೇ ಇದನ್ನು ಮರೆತದ್ದುಂಟು. ಗೋವೆಯ ಇನ್‌ಕ್ವಿಸಿಷನ್ ೧೭೩೬ರ ಶಾಸನದಲ್ಲಿ, ಹಿಂದೂಗಳಂತೆ ಉಪ್ಪಿಲ್ಲದೆ ಅನ್ನ ಬೇಯಿಸುವುದನ್ನೂ ನಿಷೇಧಿಸಿತು. ಅನ್ನದ ಮಡಕೆಯಲ್ಲಿ ಪಾಷಂಡವನ್ನು ಹುಡುಕುವ ಹುಚ್ಚು ಅದು. ಅದಕ್ಕೂ ನೂರು ವರ್ಷಕ್ಕಿಂತ ಹೆಚ್ಚು ಹಿಂದೆ, ೧೬೦೬ರಲ್ಲಿ ಮಧುರೆಗೆ ಬಂದ ಇಟಲಿಯ ರಾಬರ್ಟೋ ಡಿ ನೊಬಿಲಿ ಮಾಂಸ, ಮೀನು, ಮೊಟ್ಟೆ ಬಿಟ್ಟು ಸನ್ಯಾಸಿಯಂತೆ ಬಾಳಿದ್ದನೆಂಬುದನ್ನು ನೆನೆದರೆ ವಿಸ್ಮಯವಾಗುತ್ತದೆ.

ಕನ್ನಡನಾಡಿಗೆ ಹೆಚ್ಚು ಸಮೀಪದವನು ಅಬ್ಬೆ ದ್ಯುಬುವಾ. ೧೭೯೨ರಲ್ಲಿ ಫ್ರಾನ್ಸಿನಿಂದ ಬಂದ ಈ ಪಾದ್ರಿ, ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯಲ್ಲಿ ನೆಲೆಸಿದ. ತಲೆಗೆ ರುಮಾಲು, ಈ ನೆಲದ ಉಡುಪು, ಈ ಜನರ ಊಟದ ರೀತಿ. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ‘ದೊಡ್ಡ ಸ್ವಾಮಿಯವರು’ ಎಂದೇ ಹೆಸರಾದ. ಐರೋಪ್ಯರ ಗೋಮಾಂಸ ಭಕ್ಷಣೆಯೂ ಕುಡಿತವೂ ಇಲ್ಲಿಯ ಜನಕ್ಕೆ ಎಷ್ಟು ಅಸಹ್ಯವೆಂಬುದನ್ನು ಆತ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಹಿಂದೂ ಆಚಾರಗಳ ಬಗ್ಗೆ ಅವನ ಟೀಕೆ ಬಲು ಕಟು. ಅವನನ್ನು ಸಹಿಷ್ಣುತೆಯ ಮೂರ್ತಿಯೆಂದು ಕೂರಿಸಬೇಕಾಗಿಲ್ಲ. ಆದರೂ ತನ್ನ ನಾಲಗೆಯ ರೂಢಿಯನ್ನು ಆತ ಬದಲಿಸಿಕೊಂಡ. ಬಹಳ ಜನ ವಿದೇಶೀಯರು ಅಷ್ಟನ್ನೂ ಮಾಡಲಿಲ್ಲ.

ಶಿವಮೊಗ್ಗದಲ್ಲಿ ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆಯ ಜಾತ್ರೆ ಬರುತ್ತದೆ. ಆಗ ಈ ಪ್ರಶ್ನೆ ಪುಸ್ತಕ ಬಿಟ್ಟು ಪಡಸಾಲೆಗೆ ಬರುತ್ತದೆ. ಸ್ನೇಹಿತರು ಬಾಡೂಟಕ್ಕೆ ಕರೆಯುತ್ತಾರೆ. ದೇವಿಗೆ ಒಪ್ಪಿಸಿದ್ದನ್ನು ಕ್ರೈಸ್ತನು ಉಣ್ಣಬಹುದೇ? ಹೋಗದಿದ್ದರೆ ಸ್ನೇಹಕ್ಕೆ ಕುಂದು, ಹೋದರೆ ಮನಸ್ಸಿಗೆ ಚುಚ್ಚು. ಕೊರಿಂಥದವರು ಪೌಲನನ್ನು ಕೇಳಿದ್ದೂ ಇದನ್ನೇ. ಆತ ಗುಡಿಯ ಪಂಕ್ತಿಯಲ್ಲಿ ಪಾಲುಗೊಳ್ಳುವುದನ್ನು ತಡೆದ. ಮನೆಗೆ ಕರೆದವರು ಬಡಿಸಿದ್ದನ್ನು ಕೆದಕಿ ಕೇಳದೆ ಉಣ್ಣಿರೆಂದ. ಆದರೆ ಇದು ನೈವೇದ್ಯವೆಂದು ಯಾರಾದರೂ ಎತ್ತಿ ಹೇಳಿದರೆ, ಹೇಳಿದವನ ಮನಸ್ಸಿಗಾಗಿ ಬಿಟ್ಟುಬಿಡಿರೆಂದ. ಇಂದಿನ ಕ್ರೈಸ್ತರಲ್ಲಿ ಪ್ರಸಾದವನ್ನು ಕಣ್ಣಿಗೊತ್ತಿ ತೆಗೆದುಕೊಳ್ಳುವವರೂ ಉಂಟು, ಕೈಮುಗಿದು ಬೇಡವೆನ್ನುವವರೂ ಉಂಟು. ಎರಡನೆಯವರನ್ನು ಸೊಕ್ಕಿನವರೆಂದು ತಿಳಿಯುವುದು ಅನ್ಯಾಯ. ಎಡೆಯಿಡುವ ಮೊದಲೇ ಅವರ ಪಾಲನ್ನು ಬೇರೆ ತೆಗೆದಿಟ್ಟರೆ ಪ್ರಶ್ನೆಯೇ ಏಳದು.

ಕ್ರಿಸ್ಮಸ್ಸಿನಲ್ಲಿ ಸರದಿ ತಿರುಗುತ್ತದೆ. ಕರಾವಳಿ ಮೂಲದ ಕಥೋಲಿಕರು ‘ಕುಸ್ವಾರ್’ ಎಂಬ ತಿಂಡಿಗಳ ತಟ್ಟೆಯನ್ನು ನೆರೆಮನೆಗಳಿಗೆ ಕಳಿಸುವ ವಾಡಿಕೆ. ಕೇಕಿನಲ್ಲಿ ಮೊಟ್ಟೆ ಬಿದ್ದಿರುತ್ತದೆ; ಸಸ್ಯಾಹಾರಿಗಳ ಮನೆಗೆ ಅದನ್ನು ಬಿಟ್ಟು ಚಕ್ಕುಲಿ, ಎಳ್ಳುಂಡೆ, ಕರಜಿಕಾಯಿಯಂಥವನ್ನೇ ಇಡಬೇಕು; ಕರಿದ ಎಣ್ಣೆಯೂ ಬೇರೆಯದಾಗಿರಬೇಕು. ಅಷ್ಟಾದರೂ ಬೇಯಿಸಿದ್ದನ್ನು ಒಲ್ಲದ ಮಡಿವಂತರಿದ್ದರೆ ಬಾಳೆಹಣ್ಣಿನ ಚಿಪ್ಪೊಂದು ಸಾಕು.