ನಿಮಗಿದು ಗೊತ್ತೇ? ಅಮೆರಿಕದ ಕೊಳಾಯಿ ನೀರು, ಬಾವಿ ನೀರು

ಅಮೆರಿಕದಲ್ಲೂ ಸ್ವಂತ ಬಾವಿಯ ನೀರು ಕುಡಿಯುವವರು 4 ಕೋಟಿಗೂ ಹೆಚ್ಚು! ಅವರ ನೀರಿಗೆ ಕೇಂದ್ರ ಸರ್ಕಾರದ ಕಾವಲಿಲ್ಲ. 1974ರ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆ ಅನ್ವಯಿಸುವುದು ಕನಿಷ್ಠ 15 ಸಂಪರ್ಕಗಳಿರುವ ಅಥವಾ 25 ಜನರಿಗೆ ನೀರುಣಿಸುವ ವ್ಯವಸ್ಥೆಗಳಿಗೆ ಮಾತ್ರ. ಹಿತ್ತಲಿನ ಬಾವಿ ಪರೀಕ್ಷೆ ಬಹುತೇಕ ಮನೆಯವರ ಹೊಣೆ.

ಕೊಳಾಯಿ ನೀರು ಪಡೆಯುವವರಿಗೆ ಒಂದು ಹಕ್ಕಿದೆ. ನೀರಿನಲ್ಲಿ ಏನೇನು ಎಷ್ಟೆಷ್ಟು ಕಂಡುಬಂತು ಎಂಬ ವರದಿಯನ್ನು ಊರಿನ ನೀರು ಸರಬರಾಜು ಸಂಸ್ಥೆ ಪ್ರತಿ ವರ್ಷ ಜುಲೈ 1ರೊಳಗೆ ಗ್ರಾಹಕರಿಗೆ ಮುಟ್ಟಿಸಲೇಬೇಕು.

ಕುದಿಸಿದರೆ ಎಲ್ಲವೂ ಸರಿಹೋಗುತ್ತದೆಯೇ? ಇಲ್ಲ. ರೋಗಾಣುಗಳು ಸಾಯುತ್ತವೆ, ಸೀಸ ಹೋಗದು. ಹೊಲದ ಗೊಬ್ಬರದಿಂದ ಬಾವಿಗೆ ಇಳಿಯುವ ನೈಟ್ರೇಟ್ ಅಂತೂ ನೀರು ಆವಿಯಾದಷ್ಟೂ ಇನ್ನಷ್ಟು ಸಾಂದ್ರವಾಗುತ್ತದೆ. ಅಂಥ ನೀರಿನಲ್ಲಿ ಪುಡಿಹಾಲು ಕಲಸಿ ಕುಡಿಸಿದರೆ ಎಳೆಗೂಸಿನ ರಕ್ತ ಆಮ್ಲಜನಕ ಒಯ್ಯಲಾರದೆ ಮೈ ನೀಲಿಗಟ್ಟಬಹುದು.

ಕ್ಲೋರಿನ್‌ಗೂ ಜಗ್ಗದ ಜೀವಿಯಿದೆ! ಹೆಸರು ಕ್ರಿಪ್ಟೋಸ್ಪೊರಿಡಿಯಂ. 1993ರಲ್ಲಿ ಮಿಲ್ವಾಕಿ ನಗರದ ಶುದ್ಧೀಕರಣ ಘಟಕವನ್ನು ದಾಟಿ ಬಂದ ಇದು ಸುಮಾರು 4 ಲಕ್ಷ ಜನರನ್ನು ಭೇದಿಯಿಂದ ಮಲಗಿಸಿತು. ಆದರೆ ಕುದಿಸಿದರೆ ಇದೂ ಸಾಯುತ್ತದೆ.

ಮಿಶಿಗನ್‌ನ ಜೆನೆಸೀ ಕೌಂಟಿಯ (ಅಂದರೆ ಜಿಲ್ಲೆಯ) ಫ್ಲಿಂಟ್ ನಗರದ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಖರ್ಚು ಉಳಿಸಲೆಂದು 2014ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ನಿಂದ ಬರುತ್ತಿದ್ದ ಸರೋವರದ ನೀರು ಬಿಟ್ಟು ಫ್ಲಿಂಟ್ ನದಿಯ ನೀರು ಹರಿಸಿದರು. ಕೊಳವೆ ಸವೆಯದಂತೆ ತಡೆಯುವ ರಾಸಾಯನಿಕವನ್ನು ಬೆರೆಸಲಿಲ್ಲ. ಹಳೆಯ ಕೊಳವೆಗಳ ಸೀಸ ಕರಗಿ ಮನೆಮನೆಯ ಲೋಟಕ್ಕೆ ಬಂತು. ಅದೇ ಅಕ್ಟೋಬರ್‌ನಲ್ಲಿ ಜನರಲ್ ಮೋಟಾರ್ಸ್ ತನ್ನ ಎಂಜಿನ್ ಭಾಗಗಳು ತುಕ್ಕು ಹಿಡಿಯುತ್ತಿವೆಯೆಂದು ಆ ನೀರನ್ನು ನಿಲ್ಲಿಸಿತು. ಜನ ಮಾತ್ರ ಕುಡಿಯುತ್ತಲೇ ಇದ್ದರು! ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟಿಶಾ ಮಕ್ಕಳ ರಕ್ತದಲ್ಲಿ ಸೀಸ ಏರಿರುವುದನ್ನು 2015ರ ಸೆಪ್ಟೆಂಬರ್‌ನಲ್ಲಿ ಬಯಲಿಗಿಟ್ಟರು. ಅಕ್ಟೋಬರ್ 1ರಂದು ಕೌಂಟಿ ಸಾರ್ವಜನಿಕ ಆರೋಗ್ಯ ತುರ್ತು ಪರಿಸ್ಥಿತಿ ಘೋಷಿಸಿತು. ಅದೇ ತಿಂಗಳು ನಗರ ಹಳೆಯ ನೀರಿಗೆ ಮರಳಿತು. ಯಂತ್ರಗಳಿಗೆ ಸಿಕ್ಕ ಕಾಳಜಿ ಮಕ್ಕಳಿಗೆ ಸಿಗಲು ಇನ್ನೊಂದು ವರ್ಷ ಬೇಕಾಯಿತು. ಇದು ಕ್ಷಮಿಸುವ ತಪ್ಪಲ್ಲ.

ಮಕ್ಕಳ ಮಟ್ಟಿಗೆ ಸೀಸದಲ್ಲಿ 'ಇಷ್ಟಾದರೆ ಪರವಾಗಿಲ್ಲ' ಎಂಬ ಪ್ರಮಾಣವೇ ಇಲ್ಲ. ಬಿಸಿನೀರಿಗೆ ಸೀಸ ಬೇಗ ಕರಗುತ್ತದೆ. ಆದ್ದರಿಂದ ಹಳೆಯ ಮನೆಗಳಲ್ಲಿ ಅಡುಗೆಗೂ ಮಗುವಿನ ಹಾಲಿಗೂ ತಣ್ಣೀರಿನ ನಲ್ಲಿಯಿಂದಲೇ ಹಿಡಿಯಬೇಕು.

ಹಲ್ಲು ಹುಳುಕಾಗದಿರಲೆಂದು ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸಿದ ಮೊದಲ ನಗರ ಮಿಶಿಗನ್‌ನದೇ ಗ್ರ್ಯಾಂಡ್ ರ್‍ಯಾಪಿಡ್ಸ್, ವರ್ಷ 1945. ಆದರೆ ನಮ್ಮ ಪಾವಗಡ, ಬಾಗೇಪಲ್ಲಿಗಳ ಕೊಳವೆಬಾವಿಗಳಲ್ಲಿ ಅದೇ ಫ್ಲೋರೈಡ್ ಹೆಚ್ಚಾಗಿ ಹಲ್ಲು ಕಂದಿ, ಮೂಳೆ ಸೆಟೆಯುತ್ತದೆ. ಅಮೆರಿಕದಲ್ಲಿ ಸೂಚಿಸಿರುವ ಪ್ರಮಾಣ ಲೀಟರಿಗೆ 0.7 ಮಿಲಿಗ್ರಾಂ, ನಮ್ಮಲ್ಲಿ ಬೇರೆ ನೀರಿಲ್ಲದಾಗ ಒಪ್ಪುವ ಗರಿಷ್ಠ ಮಿತಿ 1.5.

ಆರ್ಸೆನಿಕ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ತಿಳಿನೀರು ಎಂದು ಬಾವಿಯನ್ನು ನಂಬುವಂತಿಲ್ಲ.

ನಿಮ್ಮ ಮಗನೋ ಮಗಳೋ ಅಮೆರಿಕದಲ್ಲಿ ಬಾವಿಯಿರುವ ಮನೆ ಕೊಂಡಿದ್ದರೆ, ಮುಂದಿನ ಸಲ ಫೋನ್ ಮಾಡಿದಾಗ ನೀರು ಪರೀಕ್ಷಿಸಿದ್ದು ಯಾವಾಗ ಎಂದು ಕೇಳಿ. ಬ್ಯಾಕ್ಟೀರಿಯಾ, ನೈಟ್ರೇಟ್ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಆಗಬೇಕು. ಎಲ್ಲಿ ಮಾಡಿಸಬೇಕೆಂದು ಅವರ ಕೌಂಟಿಯ ಆರೋಗ್ಯ ಇಲಾಖೆ ತಿಳಿಸುತ್ತದೆ.